ಹೋಲಿಕೆಯ ಊರು

ಸಂದೇಶ ಅವಳಿಗೆಂದು ಬಂದದ್ದಲ್ಲ. ರೈತರಿಗೆ ಸರಿಯಾಗಿ ತಲುಪುತ್ತಿದೆಯೋ ಇಲ್ಲವೋ ನೋಡಲಿ ಎಂದು ಆಫೀಸಿನವರು ಅವಳ ನಂಬರನ್ನೂ ಜೊತೆಗೆ ಸೇರಿಸಿದ್ದರು, ಅಷ್ಟೆ. ಕಿಟಕಿಯ ಗಾಜು ಪೂರ್ತಿ ಮುಚ್ಚಿಕೊಳ್ಳದೆ ಗಡಗಡ ಎನ್ನುತ್ತಿದ್ದ ಬಸ್ಸಿನಲ್ಲಿ, ಮಡಿಲ ಮೇಲೆ ತಕ್ಕಡಿಯ ಚೀಲ, ಕಾಲುಗಳ ನಡುವೆ ಅಳತೆಯ ಕೋಲುಗಳ ಕಟ್ಟು ಇಟ್ಟುಕೊಂಡು ಕೂತಿದ್ದ ಅವಳು ಅದನ್ನು ಓದಿದಳು. ನಾಳೆ ಮಧ್ಯಾಹ್ನದಿಂದ ಜೋರು ಗಾಳಿ, ಆಲಿಕಲ್ಲು ಮಳೆ. ಬಲಿತ ಪೈರನ್ನು ಇವತ್ತೇ ಕೊಯ್ದು ಒಳಗಿಡಿ. ಮೊದಲು ಅವಳಿಗೆ ಆದದ್ದು ಖುಷಿ. ಎಷ್ಟು ಚೊಕ್ಕವಾಗಿ ಬರೆದಿದ್ದಾರೆ, ಹೊತ್ತಿಗೆ ಸರಿಯಾಗಿ ಕಳಿಸಿದ್ದಾರೆ ಎಂದುಕೊಂಡಳು. ಆಮೇಲೆ ತಾನು ಹತ್ತಿದ ಬಸ್ಸು ಯಾವ ಊರಿಗೆ ಹೋಗುತ್ತಿದೆ ಎಂಬುದು ನೆನಪಾಗಿ ಫೋನನ್ನು ಚೀಲದ ಮೇಲೆ ಮಗುಚಿಟ್ಟಳು. ಈ ಸಂದೇಶ ಆ ಊರಿಗೆ ಹೋಗುವುದಿಲ್ಲ. ಹೋಗಬಾರದು. ಹೋಗದಂತೆ ನೋಡಿಕೊಳ್ಳುವುದೂ ಅವಳ ಕೆಲಸದಲ್ಲೇ ಸೇರಿತ್ತು.

ಕೆಡುತ್ತಿರುವ ಹವೆಗೆ ತಕ್ಕಂತೆ ಬೇಸಾಯ ಮಾಡುವುದು ಹೇಗೆಂದು ಕೆಲವು ಊರುಗಳಿಗೆ ಕಲಿಸುವುದು, ಕೆಲವು ಊರುಗಳನ್ನು ಏನೂ ಕಲಿಸದೆ ಇದ್ದಹಾಗೇ ಬಿಡುವುದು, ಪ್ರತಿ ಕೊಯ್ಲಿಗೂ ಎರಡೂ ಕಡೆಯ ಬೆಳೆ ಅಳೆದು ಎಷ್ಟು ವ್ಯತ್ಯಾಸ ಬಂತೆಂದು ನೋಡುವುದು. ಯೋಜನೆಯೆಂದರೆ ಇಷ್ಟೇ, ಅಳೆಯುವವಳು ಅವಳು. ಕಲಿತ ಊರಿನವರು ಗದ್ದೆಯಲ್ಲಿ ಸದಾ ನೀರು ನಿಲ್ಲಿಸುತ್ತಿರಲಿಲ್ಲ, ಕೊಯ್ದ ಮೇಲೆ ಹುಲ್ಲು ಸುಡುತ್ತಿರಲಿಲ್ಲ, ಬೇಗ ಬಲಿಯುವ ಬೀಜ ಬಿತ್ತುತ್ತಿದ್ದರು. ಈ ವರ್ಷದಿಂದ ಗಾಳಿಮಳೆಯ ಸುದ್ದಿಯೂ ಅವರ ಫೋನಿಗೆ ಮುಂಚೆಯೇ ಬರತೊಡಗಿತ್ತು. ಉಳಿದವಕ್ಕೆ ಆಫೀಸಿನಲ್ಲಿ ಹೋಲಿಕೆಯ ಊರು ಎಂದು ಹೆಸರು. ಯಾವುದು ಯಾವ ಪಾಲಿಗೆ ಎಂದು ಚೀಟಿ ಎತ್ತಿದ್ದರು. ಸ್ಟೀಲ್ ಡಬ್ಬಿಯ ಮುಚ್ಚಳದಲ್ಲಿ ಚೀಟಿಗಳನ್ನು ಮಡಚಿಟ್ಟು ‘ನೀವೇ ಎತ್ತಿ, ನಿಮ್ಮ ಕೈ ಒಳ್ಳೇದು’ ಎಂದು ಮುಖ್ಯಸ್ಥರು ಅವಳ ಮುಂದೆ ಹಿಡಿದಿದ್ದರು. ಎತ್ತಿದಳು. ಅಕ್ಕನ ಊರು ಹೋಲಿಕೆಯ ಪಾಲಿಗೆ ಬಂತು. ‘ಅಯ್ಯೋ, ಇಲ್ಲಿ ನಮ್ಮಕ್ಕ ಇದ್ದಾಳೆ’ ಎಂದು ಬಾಯಿ ತಪ್ಪಿ ಅಂದಾಗ ಮುಖ್ಯಸ್ಥರು ಬೇಜಾರು ಮಾಡಿಕೊಳ್ಳುವ ಬದಲು ಸಂತೋಷಪಟ್ಟರು. ‘ಒಳ್ಳೇದಾಯ್ತು ಬಿಡಿ. ಮನೆಯವರಿದ್ರೆ ಜನ ಸಹಕಾರ ಕೊಡ್ತಾರೆ. ಆದ್ರೆ ಒಂದು ನೆನಪಿಡಿ, ಅಲ್ಲಿ ಬಾಯಿ ಬಿಡಬೇಡಿ. ಈ ಕಡೆಯ ಒಂದೇ ಒಂದು ಮಾತು ಆ ಕಡೆ ಸೋರಿದ್ರೂ ಅಷ್ಟೂ ಕೆಲಸ ಮಣ್ಣುಪಾಲು.’ ಅವಳು ಬಾಯಿ ಬಿಡಲಿಲ್ಲ. ತಾನು ಬಿಡದೆ ಇದ್ದದ್ದಷ್ಟೇ ಅಲ್ಲ, ಬಾಯಿ ಬಿಟ್ಟವಳನ್ನು ಹಿಡಿದುಕೊಟ್ಟವಳೂ ಅವಳೇ ಆಗಿದ್ದಳು. ಅವಳ ಜೊತೆ ಅಳೆಯಲು ಬರುತ್ತಿದ್ದ, ಸದಾ ವಟಗುಟ್ಟುತ್ತಾಳೆಂದು ಎಲ್ಲರೂ ಗಿಣಿ ಎಂದು ಕರೆಯುತ್ತಿದ್ದ ಹೆಂಗಸು, ಯಾವುದೋ ಹೋಲಿಕೆಯ ಊರಿನಲ್ಲಿ ‘ಹುಲ್ಲು ಸುಡಬೇಡ್ರಪ್ಪ, ಮಣ್ಣಿಗೇ ಸೇರಿಸಿ’ ಅಂದುಬಿಟ್ಟಳೆಂದು ಇವಳು ಮೇಲಕ್ಕೆ ತಿಳಿಸಿದ್ದಳು. ಗಿಣಿಯ ಕೆಲಸ ಹೋಯಿತು. ಹೋಗುವ ದಿನ ಬಾಗಿಲ ಹತ್ತಿರ ನಿಂತು ಅವಳು ಬೈಯಲಿಲ್ಲ, ಅಳಲಿಲ್ಲ. ‘ನೀವು ತುಂಬಾ ನಿಯತ್ತಿನವರು ಕಣ್ರೀ’ ಅಂದು ಹೋದಳು. ಆ ಮಾತು ಹೊಗಳಿಕೆಯೋ ಶಾಪವೋ ಎಂಬುದು ಇವಳಿಗೆ ಇವತ್ತಿಗೂ ಬಗೆಹರಿದಿಲ್ಲ.

ಬಸ್ಸಿಳಿದು ಕಾಲುವೆಯ ಏರಿ ಹತ್ತಿದಾಗ ಅವಳ ಕಣ್ಣು ಹುಡುಕಿದ್ದು ಕೊಯ್ದ ಗದ್ದೆಗಳನ್ನು. ಈ ಹೊತ್ತಿಗೆ ಮುಕ್ಕಾಲು ಊರು ಕೊಯ್ದು ಮುಗಿಸಿರುತ್ತದೆ ಎಂದು ದಾರಿಯುದ್ದಕ್ಕೂ ತನಗೆ ತಾನೇ ಸಮಾಧಾನ ಹೇಳಿಕೊಂಡು ಬಂದಿದ್ದಳು. ಕೊಯ್ದಿದ್ದರೆ ಹೇಳುವ ಪ್ರಶ್ನೆಯೇ ಇಲ್ಲ, ಹೇಳದ ಪಾಪವೂ ಇಲ್ಲ. ಆದರೆ ಏರಿಯ ಕೆಳಗಿನಿಂದ ಶಾಲೆಯ ಹಿಂದಿನ ದಿಬ್ಬದ ತನಕ ಒಂದೇ ಒಂದು ಗದ್ದೆಗೂ ಕುಡುಗೋಲು ಬಿದ್ದಿರಲಿಲ್ಲ. ತೆನೆ ಬಾಗಿ, ಎಲೆಯ ಹಸಿರು ಹೋಗಿ, ಇನ್ನೇನು ಕಾಳು ಉದುರಬೇಕು ಎನ್ನುವಷ್ಟು ಬಲಿತು, ಇಡೀ ಊರಿನ ಭತ್ತ ಸುಮ್ಮನೆ ನಿಂತಿತ್ತು. ಬದುವಿನ ಮೇಲೆ ತಲೆಗೆ ಬಟ್ಟೆ ಸುತ್ತಿಕೊಂಡು ನಿಂತಿದ್ದ ಅಕ್ಕ ಎರಡೂ ಕೈ ಬೀಸಿದಳು.

‘ಬಂದ್ಯಾ ಮಹರಾಯ್ತಿ! ಇನ್ನೆರಡು ದಿನ ನೀನು ಬರದೇ ಇದ್ದಿದ್ರೆ ಈ ಜನ ಪೈರು ಬಿಟ್ಟು ನನ್ನನ್ನೇ ಕೊಯ್ದು ಹಾಕ್ತಿದ್ರು.’

‘ಯಾಕಕ್ಕಾ, ಯಾರೂ ಕೊಯ್ದೇ ಇಲ್ವಲ್ಲ?’

‘ಯಾಕೆ ಅಂದ್ರೆ? ನೀನೇ ಫೋನ್ ಮಾಡಿ ಹೇಳಿದ್ಯಲ್ಲ, ನಾನು ಬರೋವರೆಗೂ ಮುಟ್ಟಬೇಡಿ ಅಂತ.’

‘ಅಳೆಯೋಕೆ ಅಂತ ಹಗ್ಗ ಕಟ್ಟಿದ ಚೌಕ ಮಾತ್ರ ಅಂದಿದ್ದು ಅಕ್ಕ. ಸುತ್ತ ಕೊಯ್ಕೊಳ್ಳಬಹುದಿತ್ತು.’

‘ಅಷ್ಟೂ ಗೊತ್ತಾಗಲ್ವಾ ನಂಗೆ?’ ಅಕ್ಕ ಸೊಂಟದ ಮೇಲೆ ಕೈಯಿಟ್ಟಳು. ಅವಳ ಮುಖದಲ್ಲಿ ಹೆಮ್ಮೆ ಉಕ್ಕುತ್ತಿತ್ತು. ‘ಸುತ್ತ ಎಲ್ಲ ಬೋಳು ಮಾಡಿ ನಿನ್ನ ಚೌಕ ಒಂದನ್ನೇ ಬಿಟ್ರೆ ಏನಾಗತ್ತೆ ಹೇಳು ನೋಡೋಣ? ಊರಿನ ಹಕ್ಕಿಯೆಲ್ಲ ಬಂದು ಅದರ ಮೇಲೇ ಬೀಳತ್ತೆ. ನೀನು ಬರೋಷ್ಟರಲ್ಲಿ ಬರೀ ಕಡ್ಡಿ! ಅಕ್ಕನ ಊರಿಂದಾನೇ ಲೆಕ್ಕ ಕೆಡ್ತು ಅಂತ ನಿನ್ನ ಆಫೀಸಲ್ಲಿ ಆಡ್ಕೋಬಾರದಲ್ಲ. ಅದಕ್ಕೇ ಮನೆಮನೆಗೂ ಹೋಗಿ ಹೇಳಿಬಂದೆ, ನನ್ನ ತಂಗಿ ಬರ್ತಾಳೆ, ಅಲ್ಲೀವರೆಗೂ ಯಾರೂ ಕುಡುಗೋಲು ಎತ್ತಬೇಡ್ರಪ್ಪಾ ಅಂತ. ಮೂಲೆಮನೆಯವಳು ಸ್ವಲ್ಪ ಗೊಣಗಿದ್ಲು. ಬಿಡ್ತೀನಾ? ಅವಳನ್ನೂ ಒಪ್ಪಿಸಿದೆ.’

ಅವಳು ನಗಬೇಕಾಗಿತ್ತು, ನಕ್ಕಳು. ನಗುವಾಗಲೇ ಬುದ್ಧಿ ಹಾಳಾದ್ದು ಲೆಕ್ಕ ಹಾಕುತ್ತಿತ್ತು. ಈ ಊರಿನ ಚೌಕಗಳನ್ನೆಲ್ಲ ಒಂದೇ ದಿನದಲ್ಲಿ ಅಳೆಯಲಾಗುವುದಿಲ್ಲ. ಇವತ್ತು ಕೆಲವು, ನಾಳೆ ಕೆಲವು, ನಾಡಿದ್ದು ಮಿಕ್ಕವು. ಮಿಕ್ಕವನ್ನು ಅಳೆಯುವ ಹೊತ್ತಿಗೆ ಗಾಳಿ ಬಂದು ಹೋಗಿರುತ್ತದೆ, ಭತ್ತ ನೆಲಕ್ಕೆ ಅಂಟಿರುತ್ತದೆ, ಆಲಿಕಲ್ಲು ಕಾಳು ಉದುರಿಸಿರುತ್ತದೆ. ಆ ಕಡೆ ಕಲಿತ ಊರಿನಲ್ಲಿ ಅಷ್ಟೂ ಒಳಗೆ ಸೇರಿರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಎಂಥ ವ್ಯತ್ಯಾಸ! ಯೋಜನೆ ಗೆದ್ದಿತು ಎನ್ನುವುದಕ್ಕೆ ಇದಕ್ಕಿಂತ ಇನ್ನೇನು ಬೇಕು. ಇಲ್ಲಿನವರು ಕೊಯ್ಯದೆ ಉಳಿದದ್ದು ಹವೆ ಗೊತ್ತಿಲ್ಲದೆ ಅಲ್ಲ, ನನ್ನ ಮೇಲಿನ ಪ್ರೀತಿಗೆ ಎಂದು ಯಾವ ಕೋಷ್ಟಕದಲ್ಲಿ ಹಾಕುವುದು? ಅವಳು ಬಗ್ಗಿ ಕೋಲುಗಳ ಕಟ್ಟು ಬಿಚ್ಚಿದಳು, ಅಕ್ಕನ ಮುಖ ನೋಡಬೇಕಾಗಿಲ್ಲವಲ್ಲ ಎಂಬ ನೆಮ್ಮದಿಯಿಂದ.

ಮೊದಲ ಚೌಕ ಮೂಲೆಮನೆಯವಳ ಗದ್ದೆಯಲ್ಲಿ. ನಾಲ್ಕು ಕೋಲು ಜೋಡಿಸಿ, ಒಳಗಿನ ಪೈರನ್ನಷ್ಟೇ ಬುಡದಿಂದ ಕೊಯ್ದು, ಬಡಿದು, ಕಾಳನ್ನು ಬಟ್ಟೆಚೀಲಕ್ಕೆ ತುಂಬಿ ತೂಗಬೇಕು. ಚೌಕದ ಗೆರೆಯ ಮೇಲೆ ನಿಂತ ಪೈರು ಒಳಗಿನದೋ ಹೊರಗಿನದೋ ಎಂದು ಪ್ರತಿ ಸಲವೂ ತಕರಾರು; ಅದಕ್ಕೊಂದು ನಿಯಮವಿತ್ತು, ಬುಡ ಒಳಗಿದ್ದರೆ ಒಳಗೆ, ತೆನೆ ಎಲ್ಲೇ ಬಾಗಿರಲಿ. ಈ ನಿಯಮವನ್ನು ಅವಳು ಎಷ್ಟು ಪ್ರೀತಿಯಿಂದ ಪಾಲಿಸುತ್ತಿದ್ದಳು! ಚಿಕ್ಕಂದಿನಲ್ಲಿ ಇಬ್ಬರೂ ಕುಂಟಾಟ ಆಡುವಾಗ ಗೆರೆ ತುಳಿದರೆ ಅಕ್ಕ ‘ಇಲ್ಲ ಇಲ್ಲ, ತುಳಿದಿಲ್ಲ’ ಎಂದು ಜೋರು ಮಾಡಿ ಗೆಲ್ಲುತ್ತಿದ್ದಳು, ತುಳಿದವಳು ತಂಗಿಯಾದರೂ ಅಕ್ಕ ಅದೇ ಜೋರಿನಲ್ಲಿ ತುಳಿದಿಲ್ಲವೆಂದೇ ವಾದಿಸುತ್ತಿದ್ದಳು. ‘ತುಳಿದೆ’ ಎಂದು ತಾನೇ ಒಪ್ಪಿಕೊಂಡು ಆಟದಿಂದ ಹೊರಗೆ ಹೋಗಿ ಕೂರುತ್ತಿದ್ದವಳು ಇವಳು. ಹೊರಗೆ ಕೂತವಳಿಗೆ ಒಂದು ಸುಖವಿತ್ತು, ಎಲ್ಲರೂ ತಪ್ಪು ಮಾಡುವುದು ಅಲ್ಲಿಂದ ಚೆನ್ನಾಗಿ ಕಾಣುತ್ತಿತ್ತು. ‘ಎಷ್ಟು ಬಂತಮ್ಮಾ?’ ಎಂದು ಮೂಲೆಮನೆಯವಳು ಬದುವಿನಿಂದಲೇ ಕೂಗಿ ಕೇಳಿದಳು. ಗಂಡನಿಲ್ಲದ ಒಂಟಿ ಹೆಂಗಸು, ಅವಳಿಗಿದ್ದದ್ದು ಅದೊಂದೇ ಗದ್ದೆ. ‘ಚೆನ್ನಾಗಿ ಬಂದಿದೆ’ ಎಂದಳು. ‘ಹಾಗಾದ್ರೆ ನಾನಿನ್ನು ಕೊಯ್ಬಹುದಾ?’ ಅವಳು ಬಟ್ಟೆಚೀಲದ ಬಾಯಿ ಕಟ್ಟತೊಡಗಿದಳು. ಅಷ್ಟರಲ್ಲಿ ಅಕ್ಕನೇ ಗದರಿಸಿದಳು, ‘ಇರೇ ಮಾರಾಯ್ತಿ, ಏನವಸರ ನಿಂದು! ನೀನು ಕೊಯ್ದ್ರೆ ಪಕ್ಕದ ಗದ್ದೆ ಚೌಕಕ್ಕೆ ಹಕ್ಕಿ ಬೀಳಲ್ವಾ? ಎಲ್ಲರದೂ ಮುಗೀಲಿ, ಒಟ್ಟಿಗೇ ಕೊಯ್ಯೋಣ.’

ನೀರಿನ ಟ್ಯಾಂಕಿನ ಹಿಂದೆ ಮಾತ್ರ ಸಿಗ್ನಲ್ ಸಿಗುತ್ತಿತ್ತು. ಕೈ ತೊಳೆದು ಬರುತ್ತೇನೆಂದು ಅಲ್ಲಿಗೆ ಹೋಗಿ ಮುಖ್ಯಸ್ಥರಿಗೆ ಫೋನ್ ಮಾಡಿದಳು. ಟ್ಯಾಂಕಿನ ಪಾಚಿ ಹಿಡಿದ ಗೋಡೆಯಿಂದ ನೀರು ಜಿನುಗುತ್ತಿತ್ತು. ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಮೊದಲೇ ಸಿಕ್ಕವಳ ಹಾಗೆ ಅವಳು ಪಿಸುಗುಟ್ಟಿದಳು.

‘ಸಾರ್, ಇಲ್ಲಿ ಯಾರೂ ಕೊಯ್ದಿಲ್ಲ. ನಮಗೋಸ್ಕರ ಕಾದಿದಾರೆ.’

‘ನಾವು ಕಾಯಿರಿ ಅಂದಿದ್ದು ಚೌಕಕ್ಕೆ ಮಾತ್ರ ಅಲ್ವಾ?’

‘ಹೌದು ಸಾರ್. ಆದ್ರೆ ಅವರು...’

‘ಹಾಗಾದ್ರೆ ಅದು ಅವರ ತೀರ್ಮಾನ. ನಾವು ಅದರಲ್ಲಿ ಕೈ ಹಾಕೋ ಹಾಗಿಲ್ಲ.’

‘ನಾಳೆ ಆಲಿಕಲ್ಲು ಸಾರ್.’

‘ರೇಡಿಯೋದಲ್ಲಿ ಎಲ್ಲರಿಗೂ ಹೇಳ್ತಾರಲ್ಲ.’

‘ರೇಡಿಯೋದವರು ದಿನಾ ಅಲ್ಲಲ್ಲಿ ಮಳೆ ಅಂತಾನೇ ಹೇಳೋದು. ಯಾರು ನಂಬ್ತಾರೆ?’

ಮುಖ್ಯಸ್ಥರು ಕೆಟ್ಟ ಮನುಷ್ಯರಲ್ಲ. ಅವಳ ತಾಯಿ ಆಸ್ಪತ್ರೆಯಲ್ಲಿದ್ದಾಗ ದಿನಾ ವಿಚಾರಿಸುತ್ತಿದ್ದವರು. ‘ನೋಡಿ,’ ಎಂದರು, ‘ಹೇಳಬೇಡಿ ಅಂತ ನಾನು ಹೇಳ್ತಾ ಇಲ್ಲ. ಹೇಳಿ ಅಂತಾನೂ ಹೇಳೋಕಾಗಲ್ಲ. ಈ ಸುದ್ದಿ ಕೆಲಸಕ್ಕೆ ಬರತ್ತೆ ಅಂತ ತೋರಿಸಿಕೊಟ್ರೆ ಮುಂದೆ ಎಲ್ಲಾ ಊರಿಗೂ ಸಿಗತ್ತೆ, ನಿಮ್ಮಕ್ಕನ ಊರಿಗೂ. ತೋರಿಸೋಕೆ ಹೋಲಿಕೆ ಬೇಕು. ನಿಮಗೆ ನಾನು ಹೇಳಿಕೊಡಬೇಕಾ? ಗಿಣಿ ವಿಷಯದಲ್ಲಿ ನೀವೇ ನನಗೆ ಹೇಳಿದವರು.’ ಫೋನಿಟ್ಟ ಮೇಲೆ, ಹೇಳಿಬಂದದ್ದು ಸುಳ್ಳಾಗಬಾರದೆಂದು ಅವಳು ಕೈ ತೊಳೆದಳು. ಮುಖವನ್ನೂ ತೊಳೆದುಕೊಂಡಳು. ಮುಖ್ಯಸ್ಥರ ಮಾತಿನಲ್ಲಿ ತಪ್ಪು ಹುಡುಕಿದಳು, ಸಿಗಲಿಲ್ಲ. ಅದೇ ಮಾತನ್ನು ಅವಳೂ ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಇದಕ್ಕಿಂತ ಚೆನ್ನಾಗಿ ಹೇಳಿದ್ದಳು, ಬಿಳಿ ಹಲಗೆಯ ಮೇಲೆ ಎರಡು ಗೆರೆ ಎಳೆದು, ನಡುವಿನ ಜಾಗವನ್ನು ಬೆರಳಿಂದ ತೋರಿಸಿ, ‘ಇದೇ ನಮ್ಮ ಪರಿಣಾಮ’ ಎಂದು. ಕೆಳಗಿನ ಗೆರೆಯಲ್ಲಿ ಜನ ಇರುತ್ತಾರೆ ಎಂದು ಆಗ ಯಾರೂ ಕೇಳಲಿಲ್ಲ. ಕೇಳಿದ್ದರೆ ನಿಧಾನವಾಗಿ ವಿವರಿಸುತ್ತಿದ್ದಳೇನೋ.

ಮಷಿನ್ ಬಂದದ್ದು ಅವಳು ಅಕ್ಕನ ಗದ್ದೆಯ ಚೌಕದೊಳಗೆ ಮಂಡಿಯೂರಿ ಕೂತಿದ್ದಾಗ. ಕೊಯ್ದು ಕಾಳು ಬೇರ್ಪಡಿಸುವ ದೊಡ್ಡ ಮಷಿನ್, ಸುತ್ತಮುತ್ತಲಿಗೆಲ್ಲ ಇದ್ದದ್ದು ಅದೊಂದೇ. ಏರಿಯ ಮೇಲೆ ಅದು ಗುಡುಗುಡು ಎನ್ನುತ್ತ ನಿಂತಾಗ ನೆಲ ಅದುರಿ ತೆನೆಗಳು ಅವಳ ಕೆನ್ನೆಗೆ ಬಡಿದವು. ಚಾಲಕ ಮೇಲಿನಿಂದಲೇ ಕೂಗಿದ.

‘ಅಕ್ಕೋ, ಆಚೆ ಊರಲ್ಲಿ ಎಲ್ಲರೂ ಒಟ್ಟಿಗೇ ಫೋನ್ ಮಾಡ್ತಿದಾರೆ, ಇವತ್ತೇ ಬಾ ಇವತ್ತೇ ಬಾ ಅಂತ. ಏನು ಅವಸರವೋ ನಾ ಕಾಣೆ. ದಾರೀಲಿ ನಿಮ್ಮೂರು ಮೊದಲು ಸಿಗತ್ತಲ್ಲ, ಕೇಳ್ಕೊಂಡು ಹೋಗೋಣ ಅಂತ ನಿಲ್ಸಿದೆ. ಇಳಿಸಲಾ? ಸಂಜೆಯೊಳಗೆ ಅರ್ಧಕ್ಕಿಂತ ಹೆಚ್ಚು ಮುಗಿಸಿಕೊಡ್ತೀನಿ.’

‘ಹೋಗಪ್ಪಾ ಹೋಗು,’ ಎಂದಳು ಅಕ್ಕ. ‘ನಮ್ಮ ತಂಗಿ ಅಳತೆ ಮುಗೀಲಿ. ವಾಪಸ್ ಬರೋವಾಗ ಬಾ.’

‘ಆಮೇಲೆ ಬೈಬೇಡಿ. ಅಲ್ಲಿಗೆ ಹೋದ್ರೆ ನಾಲ್ಕು ದಿನ ನನ್ನನ್ನ ಬಿಡಲ್ಲ ಅವ್ರು.’

‘ನಾಲ್ಕು ದಿನ ನಿಂತಿದ್ರೆ ಭತ್ತ ಏನು ಓಡಿಹೋಗತ್ತಾ?’ ಬದುವಿನ ಮೇಲಿದ್ದವರೆಲ್ಲ ನಕ್ಕರು.

ಅವಳ ಕೈಯಲ್ಲಿ ಒಂದು ಹಿಡಿ ಪೈರು, ಇನ್ನೊಂದರಲ್ಲಿ ಕುಡುಗೋಲು. ಈಗ, ಎಂದು ಒಳಗಿನಿಂದ ಏನೋ ತಿವಿಯಿತು. ಎದ್ದು ನಿಂತು ‘ನಿಲ್ಲಿಸಿ’ ಎಂದು ಒಂದು ಮಾತು ಅಂದರೆ ಮುಗಿಯಿತು. ಯಾಕೆಂದು ಕೇಳುತ್ತಾರೆ. ಕೇಳಲಿ. ಏನಾದರೂ ಹೇಳಬಹುದು. ಅವಳು ಎದ್ದಳು ಕೂಡ. ಕಾಲು ಜೋಮು ಹಿಡಿದಿತ್ತು, ತುಸು ಓಲಾಡಿದಳು. ಚಾಲಕ ಅವಳ ಕಡೆ ನೋಡಿ ಗೌರವದಿಂದ ತಲೆಬಾಗಿಸಿದ. ಆ ಗೌರವವೇ ಎಲ್ಲ ಹಾಳುಮಾಡಿಬಿಟ್ಟಿತು. ಕುತ್ತಿಗೆಗೆ ತೂಗುಹಾಕಿದ ಆಫೀಸಿನ ಗುರುತಿನ ಚೀಟಿ, ಮೊಣಕಾಲಿನ ಕೆಸರು, ಕೈಯಲ್ಲಿದ್ದ ಅಳತೆಯ ಪೈರು, ಎಲ್ಲವೂ ಸೇರಿ ತಾನು ಯಾರೆಂದು ಅವಳಿಗೆ ನೆನಪಿಸಿದವು. ಗಿಣಿಯ ಮುಖ ನೆನಪಿಗೆ ಬಂತು. ಅವಳೂ ತಲೆಬಾಗಿಸಿದಳು. ಮಷಿನ್ ಹೊಗೆ ಬಿಟ್ಟು ಏರಿಯ ತಿರುವಿನಲ್ಲಿ ಮರೆಯಾಯಿತು, ಅದರ ಸದ್ದು ಮಾತ್ರ ತುಂಬ ಹೊತ್ತು ಕೇಳಿಸುತ್ತಲೇ ಇತ್ತು. ಥೂ, ಎಂಥವಳು ನಾನು, ಎಂದುಕೊಂಡಳು. ಎಂದುಕೊಳ್ಳುತ್ತಲೇ ಕೂತು ಉಳಿದ ಪೈರು ಕೊಯ್ದಳು. ಅಕ್ಕನ ಗದ್ದೆಯ ಕಾಳು ಅಲ್ಲಿಯ ತನಕ ತೂಗಿದ್ದೆಲ್ಲಕ್ಕಿಂತ ಹೆಚ್ಚು ತೂಗಿತು.

ಊಟಕ್ಕೆ ಕೂತಾಗ ಭಾವ ಎಂದಿನ ಉತ್ಸಾಹದಲ್ಲಿದ್ದರು. ಗೋದಾಮಿನಲ್ಲಿ ಮೂಟೆ ಹೊರುವಾಗ ಬೆನ್ನು ಹಿಡಿದುಕೊಂಡ ಮೇಲೆ ಅವರಿಗೆ ಬಗ್ಗಿ ಕೆಲಸ ಮಾಡಲಾಗುತ್ತಿರಲಿಲ್ಲ. ಬಗ್ಗಲಾಗದ್ದನ್ನೆಲ್ಲ ಬಾಯಲ್ಲೇ ತೀರಿಸಿಕೊಳ್ಳುತ್ತಿದ್ದರು. ‘ಬನ್ನಿ ಇನ್ಸ್‌ಪೆಕ್ಟ್ರಮ್ಮ! ನಮ್ಮ ಮನೆ ತಟ್ಟೆಯಲ್ಲಿ ಅನ್ನ ಎಷ್ಟಿದೆ ಅಂತಾನೂ ಚೌಕ ಹಾಕಿ ಅಳೀತೀರೋ ಹೇಗೆ?’ ಹಿಂದೆ ಎಂದೋ ಅವಳಿಗೆ ಒಳ್ಳೆಯ ಕೆಲಸಕ್ಕೆಂದು ಪ್ರಶಸ್ತಿ ಕೊಟ್ಟಾಗ ಪತ್ರಿಕೆಯಲ್ಲಿ ಬಂದ ಫೋಟೋವನ್ನು ಅವರು ಕತ್ತರಿಸಿ ಗಡಿಯಾರದ ಕೆಳಗೆ ಅಂಟಿಸಿದ್ದರು. ಫೋಟೋದಲ್ಲಿ ಅವಳ ಮುಖ ಬೆರಳ ತುದಿಯಷ್ಟೇ ಇತ್ತು, ಅದೂ ಮಂಕಾಗಿ. ಬಂದವರಿಗೆಲ್ಲ ಭಾವ ಅದನ್ನು ತೋರಿಸುತ್ತಿದ್ದರಂತೆ. ‘ಆಚೆ ಊರವರಿಗೆ ನೀವು ಅದೇನೇನೋ ಕಲಿಸ್ತೀರಂತಲ್ಲ,’ ಎಂದರು ಅವರು ಇದ್ದಕ್ಕಿದ್ದಂತೆ. ಅವಳು ನೀರಿನ ಲೋಟಕ್ಕೆ ಕೈಚಾಚಿದಳು. ‘ನಾನು ಕೇಳಲ್ಲಮ್ಮ, ಹೆದರಬೇಡ. ನಮ್ಮ ಊರಿನವರು ಕೇಳಿದ್ರು, ನಿಮ್ಮ ನಾದಿನಿ ನಮಗ್ಯಾಕೆ ಹೇಳಿಕೊಡಲ್ಲ ಅಂತ. ನಾನು ಹೇಳ್ದೆ, ಅವಳು ಹೇಳಬೇಕಾದ್ದು ಏನಾದ್ರೂ ಇದ್ದಿದ್ರೆ ಮೊದಲು ತನ್ನಕ್ಕನಿಗೆ ಹೇಳ್ತಿದ್ಲು ಕಣ್ರೋ, ಇಲ್ಲ ಅಂದ್ರೆ ಇಲ್ಲ, ಅಷ್ಟೆ. ಸರೀನಾ?’ ಅಕ್ಕ ಅವಳ ತಟ್ಟೆಗೆ ಇನ್ನಷ್ಟು ಬಡಿಸಿದಳು. ‘ತಿನ್ನೇ. ಮುಖ ನೋಡು ಹೇಗಾಗಿದೆ. ಬಿಸಿಲಲ್ಲಿ ಬಾಡಿಹೋಗಿದೀಯ.’ ಸಾಕು ಸಾಕು ಎಂದರೂ ಕೇಳಲಿಲ್ಲ. ಅವಳು ಅಷ್ಟನ್ನೂ ತಿಂದಳು. ಬಿಟ್ಟರೆ ಯಾಕೆಂದು ಕೇಳುತ್ತಾರಲ್ಲ ಎಂದು ಒಂದಗುಳೂ ಬಿಡದೆ ತಿಂದು, ತಟ್ಟೆ ತೊಳೆಯಲು ಹೋದಾಗ ಅಕ್ಕ ಕೈಯಿಂದ ಕಿತ್ತುಕೊಂಡಳು.

ಮಧ್ಯಾಹ್ನ ಇಳಿಯುವವರೆಗೂ ಅಳೆದಳು. ಗದ್ದೆಯಿಂದ ಗದ್ದೆಗೆ ಹೋಗುವಾಗ ಆಕಾಶ ನೋಡಿದಳು, ಒಂದು ತುಣುಕೂ ಮೋಡವಿರಲಿಲ್ಲ. ಆ ತಿಳಿ ಆಕಾಶ ಅವಳಿಗೆ ಆಸೆ ಹುಟ್ಟಿಸಿತು: ಸುಳ್ಳಾದರೂ ಆಗಬಹುದು, ಎಷ್ಟೋ ಸಲ ಹುಸಿಯಾಗುತ್ತದಲ್ಲ. ಆಮೇಲೆ ಆ ಆಸೆಗೆ ನಾಚಿಕೆಯಾಯಿತು. ಯೋಜನೆಯ ಹವೆ ಅಳೆಯುವ ಯಂತ್ರಗಳ ಮಾತು ಹುಸಿಯಾಗುವುದಿಲ್ಲವೆಂದು ಊರೂರಿಗೆ ಹೇಳಿಕೊಂಡು ಬಂದವಳು ತಾನು. ಹೇಳಿದರೆ ಏನಾಗುತ್ತದೆ? ಕೆಲಸ ಹೋಗಬಹುದು. ಅದು ಹೋಗಲಿ ಎಂದು ಧೈರ್ಯವಾಗಿ ಅಂದುಕೊಂಡು ನೋಡಿದಳು, ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಕಷ್ಟವಾದದ್ದು ಬೇರೆ. ಬೆಳಗ್ಗೆ ಹೇಳಿದ್ದರೆ ಅದು ನಿಯಮ ಮುರಿದದ್ದು, ಅಷ್ಟೆ. ಮಷಿನ್ ಹೋದ ಮೇಲೆ ಹೇಳಿದರೆ ಅಷ್ಟು ಹೊತ್ತು ಹೇಳದೆ ಇದ್ದದ್ದನ್ನೂ ಹೇಳಿದಂತೆ. ಹೊತ್ತು ಹೋದಷ್ಟೂ ಮಾತು ಭಾರವಾಗುತ್ತಿತ್ತು, ಭಾರವಾದಷ್ಟೂ ಅವಳು ಹೊತ್ತು ಕಳೆಯುತ್ತಿದ್ದಳು. ಒಂದು ಚೌಕವನ್ನು ಬೇಕೆಂದೇ ಎರಡು ಸಲ ತೂಗಿದಳು.

ಬಿಸಿಲು ಕೆಂಪಗಾದಾಗ ಅವಳಿಗೊಂದು ಉಪಾಯ ಹೊಳೆಯಿತು. ಎಷ್ಟು ಸುಲಭ, ಇದು ಮೊದಲೇ ಹೊಳೆಯಬಾರದಿತ್ತೇ ಎಂದು ಅವಳಿಗೆ ಅಳುವಷ್ಟು ಸಮಾಧಾನವಾಯಿತು. ಕೋಲುಗಳನ್ನು ಕಟ್ಟಿ ಅಕ್ಕನ ಹತ್ತಿರ ಹೋಗಿ, ಆದಷ್ಟೂ ಹಗುರವಾಗಿ ಅಂದಳು:

‘ನನ್ನ ಅಳತೆ ಮುಗೀತು ಅಕ್ಕ. ಇನ್ನು ಎಲ್ಲರೂ ಕೊಯ್ಕೋಬಹುದು.’

‘ಮುಗೀತಾ? ದಿಬ್ಬದ ಕಡೆಯ ಗದ್ದೆಗಳೆಲ್ಲ ಹಾಗೇ ಇವ್ಯಲ್ಲ?’

‘ಅವು ಬೇಡ. ಸಾಕು ಇಷ್ಟು.’

‘ಹಾಗಂದ್ರೆ? ಹೋದ ಸಲ ಒಂದು ಚೌಕ ಬಿಟ್ಟುಹೋಯ್ತು ಅಂತ ಬಸ್ಸಿಳಿದು ವಾಪಸ್ ಬಂದವಳು ನೀನು.’

‘ಸಾಕು ಅಂದ್ನಲ್ಲ. ಕೊಯ್ಸಿಬಿಡಿ. ಇವತ್ತೇ ಶುರು ಮಾಡಿ.’

‘ಸಂಜೆ ಆಯ್ತಲ್ಲೇ, ಈಗ ಯಾರು ಕೊಯ್ತಾರೆ? ನಾಲ್ಕು ದಿನ ಬಿಟ್ಟು ಮಷಿನ್ ಬರತ್ತೆ. ಅದರಲ್ಲೇ ಆಗಲಿ ಬಿಡು.’ ಅಕ್ಕ ತಲೆಯ ಬಟ್ಟೆ ಬಿಚ್ಚಿ ಕೊಡವಿದಳು. ಕೊಡವಿದ ಕೈ ಅಲ್ಲೇ ನಿಂತಿತು. ‘ಏನಾಯ್ತೇ? ಯಾಕೆ ಹಾಗೆ ನೋಡ್ತಿದೀಯ? ಕೆಲಸದಲ್ಲಿ ಏನಾದ್ರೂ ತೊಂದರೆ ಆಯ್ತಾ?’

ಅಕ್ಕನ ಆತಂಕ ತನ್ನ ಬಗ್ಗೆ ಎಂಬುದನ್ನು ಅವಳಿಗೆ ಸಹಿಸಲಾಗಲಿಲ್ಲ. ಮಾತಾಡುವುದಕ್ಕೆ ಬದಲು ಫೋನು ತೆಗೆದು ಸಂದೇಶವನ್ನು ಅಕ್ಕನ ಮುಂದೆ ಹಿಡಿದಳು. ಅಕ್ಕ ಕಣ್ಣು ಕಿರಿದು ಮಾಡಿ, ಪರದೆಯನ್ನು ದೂರ ಹಿಡಿದು, ತುಟಿ ಅಲ್ಲಾಡಿಸುತ್ತ ಓದಿದಳು. ಓದಿ ಮೊದಲು ಆಕಾಶ ನೋಡಿದಳು, ಆಮೇಲೆ ಗದ್ದೆ ನೋಡಿದಳು.

‘ನಾಳೆನಾ?’

‘ನಾಳೆ ಮಧ್ಯಾಹ್ನ.’

‘ನಿಜಾನಾ ಇದು? ರೇಡಿಯೋ ಥರ ಅಲ್ವಲ್ಲ?’

‘ನಿಜ. ಆಚೆ ಊರವರು ಇದನ್ನ ನೋಡೇ ಮಷಿನ್ ಕರೆಸಿದ್ದು.’

‘ಅಯ್ಯೋ, ಅವರಿಗೆಲ್ಲ ಬಂದಿದ್ಯಾ! ಮತ್ತೆ ನಮಗ್ಯಾಕೆ...’ ಅಕ್ಕ ಇನ್ನೊಮ್ಮೆ ಪರದೆ ನೋಡಿದಳು. ಸಂದೇಶದ ಕೆಳಗೆ ಅದು ಬಂದ ಹೊತ್ತು ಸಣ್ಣಕ್ಷರದಲ್ಲಿತ್ತು. ಅಕ್ಕ ಅದನ್ನು ಓದಿದ್ದು ಅವಳಿಗೆ ಗೊತ್ತಾಯಿತು. ‘ಇದು ಬೆಳಗ್ಗೆ ಬಂದಿದೆ,’ ಎಂದಳು ಅಕ್ಕ.

‘ಹೂಂ.’

‘ನೀನು ಈಗ ನೋಡಿದ್ಯಾ?’

ಹೂಂ ಅಂದುಬಿಡಬಹುದಿತ್ತು. ಅಕ್ಕ ಅದನ್ನೇ ಬೇಡುತ್ತಿದ್ದಳು, ಕಣ್ಣಿನಲ್ಲಿ ಕಾಣುತ್ತಿತ್ತು. ‘ಬಸ್ಸಲ್ಲೇ ನೋಡ್ದೆ,’ ಎಂದಳು.

‘ಮಷಿನ್ ಬಂದಾಗ ನಿಂಗೆ ಗೊತ್ತಿತ್ತಾ?’

‘ಗೊತ್ತಿತ್ತು.’

‘ಊಟ ಮಾಡುವಾಗಲೂ?’

‘ಗೊತ್ತಿತ್ತು ಅಕ್ಕ. ಹೇಳೋ ಹಾಗಿರಲಿಲ್ಲ. ಇದು ಹೋಲಿಕೆಯ ಊರು. ಅವರಿಗೆ ಹೇಳಿದ್ದನ್ನ ನಿಮಗೆ ಹೇಳಿದ್ರೆ ಏನು ಉಪಯೋಗ ಆಯ್ತು ಅಂತ ತಿಳಿಯಲ್ಲ. ಅದಕ್ಕೇ...’

‘ಅಂದ್ರೆ ನಮ್ಮದು ಹಾಳಾದ್ರೆ ಅವರದು ಚೆನ್ನಾಗಿ ಕಾಣತ್ತೆ.’

‘ಹಾಗಲ್ಲ ಅಕ್ಕ.’

‘ಮತ್ತೆ ಹೇಗೆ? ಹೇಳು, ನಂಗೂ ಅರ್ಥ ಆಗಲಿ.’

ಅಕ್ಕ ಕೂಗಾಡಿದ್ದರೆ, ಕೆನ್ನೆಗೆ ಎರಡು ಬಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು. ಅಕ್ಕ ತಲೆಯ ಬಟ್ಟೆಯನ್ನು ಮತ್ತೆ ಸುತ್ತಿಕೊಂಡಳು, ಗಂಟು ಬಿಗಿಯಾಗಿದೆಯೋ ಎಂದು ಕೈಯಿಂದ ಮುಟ್ಟಿ ನೋಡಿದಳು. ಬದುವಿನಲ್ಲಿ ಬಿದ್ದಿದ್ದ ಕುಡುಗೋಲು ಎತ್ತಿಕೊಂಡು, ತಂಗಿಯ ಪಕ್ಕದಿಂದ ಅವಳಿಗೆ ತಾಗದಂತೆ ದಾಟಿ, ಊರಿನ ಕಡೆ ಓಡುನಡಿಗೆಯಲ್ಲಿ ಹೋದಳು.

ಅವಳೂ ಹಿಂದೆಯೇ ಓಡಿದಳು. ಬೀದಿಯ ತುದಿಯಿಂದಲೇ ಅಕ್ಕನ ಕೂಗು ಶುರುವಾಗಿತ್ತು. ‘ಏಳ್ರೋ, ಕುಡುಗೋಲು ತಗೊಳ್ರೋ! ನಾಳೆ ಆಲಿಕಲ್ಲು ಬೀಳತ್ತಂತೆ! ನನ್ನ ತಂಗಿ ಫೋನಿಗೆ ಈಗ ತಾನೇ ಸುದ್ದಿ ಬಂತು! ಈಗ ತಾನೇ!’ ಬಾಗಿಲುಗಳು ತೆರೆದವು. ಟೀ ಲೋಟ ಹಿಡಿದವರು ಹಿಡಿದಂತೆಯೇ ಹೊರಗೆ ಬಂದರು. ಯಾರು ಹೇಳಿದ್ದು, ಎಂದೊಬ್ಬ ಕೇಳಿದ. ಇವರ ತಂಗಿ ಹೇಳಿದ್ದಂತೆ, ಎಂದು ಇನ್ನೊಬ್ಬ ಹೇಳಿದ. ಅಷ್ಟೇ ಸಾಕಾಯಿತು. ಬೆಳಗಿನಿಂದ ತಮ್ಮ ಭತ್ತವನ್ನು ಕಾಳುಕಾಳಾಗಿ ತೂಗಿದವಳ ಮಾತನ್ನು ಯಾರೂ ಎರಡನೆಯ ಸಲ ಪ್ರಶ್ನಿಸಲಿಲ್ಲ. ಯಾರೋ ಟ್ಯಾಂಕಿನ ಹಿಂದೆ ಓಡಿ ಮಷಿನ್‌ನವನಿಗೆ ಫೋನ್ ಮಾಡಿದರು. ಅವನು ಆಚೆ ಊರಿನ ಗದ್ದೆಗಿಳಿದಾಗಿತ್ತು, ನಾಳೆ ಸಂಜೆಗೆ ಮುಂಚೆ ಆಗುವುದೇ ಇಲ್ಲ ಎಂದನಂತೆ. ‘ಛೆ, ತಾನಾಗೇ ಬಂದವನನ್ನ ಕಳಿಸಿಬಿಟ್ವಲ್ಲ,’ ಎಂದು ಒಬ್ಬ ತಲೆ ಚಚ್ಚಿಕೊಂಡ. ‘ಆಗ ಯಾರಿಗಪ್ಪಾ ಗೊತ್ತಿತ್ತು,’ ಎಂದು ಮತ್ತೊಬ್ಬ ಸಮಾಧಾನ ಹೇಳಿದ. ಕೈಯಲ್ಲಿ ಎಷ್ಟಾಗುತ್ತದೋ ಅಷ್ಟು, ಅರ್ಧವಾದರೂ ಉಳಿದೀತು ಎಂದು ಮುದುಕರು ಮಕ್ಕಳೆನ್ನದೆ ಗದ್ದೆಗಿಳಿದರು.

ಭಾವ ಗೋಡೆ ಹಿಡಿದುಕೊಂಡು ಅಂಗಳದ ತನಕ ಬಂದು ನಿಂತಿದ್ದರು. ‘ನೋಡಿದ್ರೇನ್ರೋ ನಮ್ಮ ಇನ್ಸ್‌ಪೆಕ್ಟ್ರಮ್ಮನ್ನ! ನಾನು ಹೇಳಿರಲಿಲ್ವಾ? ತಿಳಿದ ತಕ್ಷಣ ಹೇಳಿದ್ಲು ನೋಡಿ!’ ಎಂದು ಹೋಗುವವರಿಗೆಲ್ಲ ಕೂಗಿ ಹೇಳುತ್ತಿದ್ದರು. ಅವರ ಮುಖ ಬೆಳಗುತ್ತಿತ್ತು. ಅವಳಿಗೆ ತಡೆಯಲಾಗಲಿಲ್ಲ. ‘ಭಾವ, ಹಾಗಲ್ಲ, ನನಗೆ ಬೆಳ...’ ಎನ್ನುವಷ್ಟರಲ್ಲಿ ಅಕ್ಕ ಎಲ್ಲಿದ್ದಳೋ, ಬಂದು ಅವಳ ಮಣಿಕಟ್ಟು ಹಿಡಿದು ಮನೆಯ ಪಕ್ಕದ ಓಣಿಗೆ ಎಳೆದುಕೊಂಡು ಹೋದಳು. ಆ ಹಿಡಿತಕ್ಕೆ ಕೈ ಉರಿಯಿತು.

‘ಬಾಯಿ ಮುಚ್ಚು,’ ಎಂದಳು ಅಕ್ಕ. ‘ಕೊಯ್ಬೇಡಿ ಅಂತ ಮನೆಮನೆಗೆ ಹೋಗಿ ಹೇಳಿದ್ದು ಯಾರು? ನಾನು. ಮಷಿನ್ ವಾಪಸ್ ಕಳಿಸಿದ್ದು ಯಾರು? ನಾನು. ನಿಂಗೆ ಬೆಳಗ್ಗೇನೇ ಗೊತ್ತಿತ್ತು ಅಂತ ಈ ಜನಕ್ಕೆ ತಿಳಿದ್ರೆ ನನ್ನನ್ನ ಇಲ್ಲಿ ಯಾರೂ ಮನುಷ್ಯಳು ಅನ್ನಲ್ಲ. ನೀನು ಬಸ್ಸು ಹತ್ತಿ ಹೋಗ್ತೀಯ. ಅಳತೆ ಮುಗೀತು. ನಾನು ಎಲ್ಲಿಗೆ ಹೋಗಲಿ?’

‘ಅಕ್ಕಾ...’

‘ಈಗ ತಾನೇ ಗೊತ್ತಾಯ್ತು. ಅಷ್ಟೆ. ಯಾರು ಕೇಳಿದ್ರೂ ಅಷ್ಟೆ. ನಿಮ್ಮ ಭಾವಂಗಂತೂ ಸಾಯೋವರೆಗೂ ಹೇಳಬೇಡ. ಅವರು ಆ ಹಾಳು ಫೋಟೋನ ದಿನಾ ಒರೆಸ್ತಾರೆ ಕಣೇ.’

ಅಕ್ಕ ಕೈ ಬಿಟ್ಟು ಗದ್ದೆಯ ಕಡೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಅವಳೂ ಹೋದಳು. ಅವಳ ಮುಂದೆ ಇದ್ದದ್ದು ಅದೊಂದೇ ದಾರಿ. ಅವಳಿಗೊಂದು ಕುಡುಗೋಲು ಕೊಟ್ಟರು. ಕತ್ತಲಾಗುವ ಮೊದಲಿನ ಆ ಬೆಳಕಿನಲ್ಲಿ ಊರಿಗೆ ಊರೇ ಬಗ್ಗಿ ಕೊಯ್ಯುತ್ತಿತ್ತು, ಯಾರಿಗೂ ಮಾತಾಡಲು ಬಿಡುವಿರಲಿಲ್ಲ. ಅವಳು ಅಕ್ಕನ ಪಕ್ಕದ ಸಾಲು ಹಿಡಿದಳು. ಅಕ್ಕ ಬೇಡ ಎನ್ನಲಿಲ್ಲ, ತಿರುಗಿ ನೋಡಲೂ ಇಲ್ಲ. ಬದುವಿನ ಆಚೆ ಮೂಲೆಮನೆಯವಳು ಒಬ್ಬಳೇ ತನ್ನ ಗದ್ದೆಯನ್ನು ಎದುರಿಸುತ್ತಿದ್ದಳು. ಒಂದು ಕಂತೆ ಕಟ್ಟಿ ಹಾಕಿ, ಬೆನ್ನು ನೆಟ್ಟಗೆ ಮಾಡಿಕೊಳ್ಳಲು ನಿಂತವಳು ಇವಳನ್ನು ಕಂಡು, ಕೆಸರು ಕೈಯನ್ನು ಎದೆಯ ಮೇಲಿಟ್ಟುಕೊಂಡಳು.

‘ನೀನಿದ್ದಿದ್ದಕ್ಕೆ ಅರ್ಧನಾದ್ರೂ ಉಳೀತು ತಾಯಿ,’ ಎಂದಳು. ‘ಬೇರೆ ಯಾರಾದ್ರೂ ಅಳೆಯೋಕೆ ಬಂದಿದ್ರೆ ನಮಗ್ಯಾಕೆ ಅಂತ ಸುಮ್ನಿರ್ತಿದ್ರು. ಮುಂದಿನ ಸಲಾನೂ ಹೀಗೇ ಗೊತ್ತಾದ ತಕ್ಷಣ ಹೇಳಿಬಿಡಮ್ಮಾ, ಆಯ್ತಾ?’

ಸುತ್ತಲಿನವರು ಕೈ ನಿಲ್ಲಿಸದೆ ಅವಳ ಉತ್ತರಕ್ಕೆ ಕಿವಿಕೊಟ್ಟಿದ್ದರು.

‘ಹೇಳ್ತೀನಿ,’ ಎಂದಳು.

ಪಕ್ಕದ ಸಾಲಿನಲ್ಲಿ ಅಕ್ಕನ ಕುಡುಗೋಲು ಒಂದು ಗಳಿಗೆ ನಿಂತಿತು. ಆಮೇಲೆ ಅಕ್ಕ ತಲೆಯೆತ್ತದೆ, ಇನ್ನಷ್ಟು ಬೇಗಬೇಗ ಕೊಯ್ಯುತ್ತ ಮುಂದೆ ಹೋದಳು.